ಮನೆಯ ಮಾತು: ಎಲೆಯ ಹೊರಗಿನ ಪಾಲು

ಕಳೆದ ತಿಂಗಳು ಬೇಸಿಗೆಯ ಹಪ್ಪಳ ಸಂಡಿಗೆಗಳ ವಿಚಾರವಾಗಿ ಬರೆಯುತ್ತ, ಕಾಗೆಗಳ ಕಾಟದ ಮಾತನ್ನು ಮುಂದಿನ ಸಂಚಿಕೆಗೆಂದು ಉಳಿಸಿಕೊಂಡಿದ್ದೆವು. ಅದನ್ನು ಓದಿದ ಸೋದರಿಯರು ಕಾಗೆಯನ್ನು ಓಡಿಸುವ ಯಾವುದಾದರೊಂದು ಉಪಾಯವನ್ನು ನಮ್ಮಿಂದ ನಿರೀಕ್ಷಿಸುತ್ತಿರಬಹುದು. ಅವರಿಗೆ ನಿರಾಶೆಯಾಗದಂತೆ ಒಂದೆರಡು ಉಪಾಯಗಳನ್ನು ಈ ಲೇಖನದ ಕೊನೆಯಲ್ಲಿ ಹೇಳುವೆವು. ಆದರೆ ಅದಕ್ಕೆ ಮೊದಲು ನಮ್ಮಿಂದಲೇ ನಡೆದುಹೋದ ಒಂದು ತಪ್ಪನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಉಪಾಯಕ್ಕಿಂತ ಆ ತಪ್ಪಿನ ಕಥೆಯೇ ಹೆಚ್ಚು ಉಪಯೋಗಕ್ಕೆ ಬಂದೀತೆಂದು ನಮ್ಮ ನಂಬಿಕೆ.

ಮಂಡ್ಯದಲ್ಲಿ ನಮ್ಮ ಮನೆಯ ಹಿತ್ತಿಲಿನಲ್ಲಿ ಒಂದು ಬೇವಿನ ಮರವುಂಟು. ಅದರ ನೆರಳು ಮಧ್ಯಾಹ್ನದವರೆಗೆ ಅಡಿಗೆಮನೆಯ ಮೇಲೆ ಬೀಳುವುದರಿಂದ, ಬೇಸಿಗೆಯಲ್ಲಿ ಅದನ್ನು ನೆಟ್ಟವರನ್ನು ನೆನೆಯದ ದಿನವಿಲ್ಲ. ಹೋದ ವರ್ಷ ಏಪ್ರಿಲ್ ತಿಂಗಳಲ್ಲಿ ಆ ಮರದ ಮೇಲೆ ಒಂದು ಜೋಡಿ ಕಾಗೆಗಳು ಗೂಡು ಕಟ್ಟಿದುವು. ಅದೇ ವಾರದಲ್ಲಿ ನಾವು ತಾರಸಿಯ ಮೇಲೆ ಹಳೆಯ ಸೀರೆಗಳನ್ನು ಹಾಸಿ ಅರಳು ಸಂಡಿಗೆಯನ್ನೂ ಬೂದುಗುಂಬಳದ ಸಂಡಿಗೆಯನ್ನೂ ಇಟ್ಟೆವು. ನಸುಕಿನಲ್ಲೆದ್ದು ಹಿಟ್ಟು ಬೇಯಿಸಿ, ಸೊಂಟ ನೋಯುವವರೆಗೆ ಬಗ್ಗಿ ಕುಳಿತು ಇಟ್ಟ ಸಂಡಿಗೆಯನ್ನು ಕಾಗೆಗಳು ತಿಂದುದಕ್ಕಿಂತ ಕೆದಕಿ ಕೆಡಿಸಿದುದೇ ಹೆಚ್ಚು. ಮೂರನೆಯ ದಿನ ಕೋಲು ಹಿಡಿದು ಕಾಯಲು ಹೋದ ನಮ್ಮ ಕಿರಿಯ ಮಗನ ತಲೆಗೆ ಒಂದು ಕಾಗೆ ಕುಕ್ಕಿತು. ರಕ್ತವೇನೂ ಬರಲಿಲ್ಲ, ಆದರೆ ಹುಡುಗನು ಹೆದರಿ ಅತ್ತನು. ನಮಗೆ ಸಿಟ್ಟು ಬಂದಿತು. ತೆಂಗಿನಕಾಯಿ ಕೀಳಲು ಬಂದಿದ್ದ ಆಳಿಗೆ ಹೇಳಿ ಗೂಡನ್ನು ಇಳಿಸಿಬಿಟ್ಟೆವು.

ಅವನು ಗೂಡನ್ನು ಒಡೆಯದೆ ಬುಟ್ಟಿಯಲ್ಲಿಟ್ಟು ಹಿತ್ತಿಲ ಕಟ್ಟೆಯ ಮೇಲೆ ತಂದಿಟ್ಟನು. ಒಣಕಡ್ಡಿ, ತೆಂಗಿನ ನಾರು, ಬಟ್ಟೆ ಒಣಹಾಕುವ ತಂತಿಯ ತುಂಡುಗಳು, ಇವುಗಳ ನಡುವೆ ಐದು ಮೊಟ್ಟೆಗಳಿದ್ದುವು. ನಾಲ್ಕು ತಿಳಿ ನೀಲಿಹಸುರಿನ ಮೈಮೇಲೆ ಕಂದು ಚುಕ್ಕೆಯುಳ್ಳವು. ಐದನೆಯದು ಅವುಗಳಿಗಿಂತ ಚಿಕ್ಕದು, ಬಣ್ಣವೂ ಬೇರೆ. ನಮ್ಮ ಅತ್ತೆಯವರು ಹತ್ತಿರ ಬಂದು ಬಗ್ಗಿ ನೋಡಿದರು. “ಇದೊಂದು ಕೋಗಿಲೇದು” ಎಂದಷ್ಟೇ ಹೇಳಿ ಒಳಗೆ ಹೋದರು.

ಕೋಗಿಲೆ ತಾನು ಗೂಡು ಕಟ್ಟುವುದಿಲ್ಲ, ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ ಎಂಬುದನ್ನು ನಾವೆಲ್ಲರೂ ಪಾಠದ ಪುಸ್ತಕದಲ್ಲಿ ಓದಿದವರೇ. ಆದರೆ ಯುಗಾದಿಯ ದಿನಗಳಲ್ಲಿ ಕೋಗಿಲೆಯ ದನಿಯನ್ನು ಹೊಗಳಿದ ಬಾಯಿಯೇ ಕಾಗೆಯ ಗೂಡನ್ನು ಇಳಿಸೆಂದು ಹೇಳುವಾಗ ಆ ಪಾಠವು ನೆನಪಿಗೆ ಬರಲಿಲ್ಲ. ಗೂಡನ್ನು ಮತ್ತೆ ಮೇಲೇರಿಸಿಡಲು ಆಳಿಗೆ ಹೇಳಿದೆವು. ಅವನು ಏರಿಸಿಯೂ ಇಟ್ಟನು. ಕಾಗೆಗಳು ಎರಡು ದಿನ ಸುತ್ತಲೂ ಹಾರಿ ಕೂಗಿ ಹೊರಟುಹೋದುವು. ಅತ್ತೆಯವರು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಆ ರಾತ್ರಿ ಮಾತ್ರ ಹಸಿವಿಲ್ಲವೆಂದು ಮಜ್ಜಿಗೆ ಕುಡಿದು ಮಲಗಿದರು. ಸಂಡಿಗೆಯೇನೋ ಚೆನ್ನಾಗಿಯೇ ಒಣಗಿತು. ನಾಲ್ಕು ಡಬ್ಬಿ ತುಂಬಿತು.

ಇದಾಗಿ ಐದು ತಿಂಗಳಾಯಿತು. ಮಹಾಲಯ ಅಮಾವಾಸ್ಯೆ ಬಂದಿತು. ತೀರಿಹೋದ ನಮ್ಮ ಮಾವನವರಿಗೆ ಪ್ರಿಯವಾಗಿದ್ದ ಅಡಿಗೆಗಳನ್ನೆಲ್ಲ ಮಾಡಿ ಎಡೆಯಿಟ್ಟೆವು. ಕಡೆಗೆ ಬಾಳೆಯೆಲೆಯಲ್ಲಿ ಅನ್ನ, ಸಾರು, ವಡೆ, ಪಾಯಸಗಳನ್ನು ಬಡಿಸಿ ಕಾಗೆಗೆಂದು ತಾರಸಿಯ ಮೇಲಿಟ್ಟೆವು. ಅದೇ ಬೇಸಿಗೆಯ ಸಂಡಿಗೆಯೂ ಆ ಎಲೆಯ ಮೇಲಿತ್ತು. ಯಜಮಾನರು ಕರೆದರು, ಮಕ್ಕಳು ಕರೆದರು. ಕಾಗೆ ಬರಲಿಲ್ಲ. ಗಂಟೆ ಒಂದಾಯಿತು, ಎರಡಾಯಿತು. ಮಕ್ಕಳು ಹಸಿದು ನಡುಮನೆಯಲ್ಲಿ ನಿದ್ದೆಹೋದರು. ಅತ್ತೆಯವರು ಮೆಟ್ಟಿಲ ಮೇಲೆ ಕುಳಿತು ಆಕಾಶವನ್ನೇ ನೋಡುತ್ತಿದ್ದರು. ಮೂರು ಗಂಟೆಯ ಸುಮಾರಿಗೆ ಎಲ್ಲಿಂದಲೋ ಒಂದು ಕಾಗೆ ಬಂದು, ಗೋಡೆಯ ಮೇಲೆ ಬಹಳ ಹೊತ್ತು ಅನುಮಾನದಿಂದ ಕುಳಿತಿದ್ದು, ಒಂದು ಅಗುಳನ್ನು ಕಚ್ಚಿಕೊಂಡು ಹಾರಿತು. ಆಗ ಅತ್ತೆಯವರು ಎದ್ದು, ನಮ್ಮ ಭುಜದ ಮೇಲೆ ಕೈಯಿಟ್ಟು, “ಬೇಸಿಗೇಲಿ ಅಟ್ಟಿದವರನ್ನ ಈಗ ಕರೆದರೆ ಬೇಗ ಬರ್ತಾರೇನವ್ವ?” ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಮಗೆ ಇಷ್ಟು ನೋಯುತ್ತಿರಲಿಲ್ಲ.

ಪಿತೃಗಳು ಕಾಗೆಯ ರೂಪದಲ್ಲಿ ಬರುವರೋ ಇಲ್ಲವೋ ಎಂಬ ವಾದಕ್ಕೆ ನಾವಿಲ್ಲಿ ಕೈಹಾಕುವುದಿಲ್ಲ. ನಮಗೆ ತೋರಿದುದು ಇಷ್ಟೆ: ವರ್ಷಕ್ಕೊಂದು ದಿನ ನಮಗೆ ಬೇಕಾದಾಗ ಬರಬೇಕೆನ್ನುವ ಅತಿಥಿಗೆ ಉಳಿದ ದಿನಗಳಲ್ಲಿ ಒಂದು ಕೊಂಬೆಯ ಜಾಗವನ್ನೂ ನಾವು ಬಿಡಲಿಲ್ಲ.

ನಮ್ಮ ಹಿರಿಯರು ಅಡಿಗೆಗೆ ಅಕ್ಕಿ ಅಳೆಯುವಾಗ ಎಲೆಯ ಮುಂದೆ ಕುಳಿತುಕೊಳ್ಳುವವರನ್ನು ಮಾತ್ರ ಎಣಿಸುತ್ತಿರಲಿಲ್ಲ. ಹಸುವಿಗೆ ಮೊದಲ ತುತ್ತು, ಕಾಗೆಗೆ ಒಂದು ಹಿಡಿ, ನಾಯಿಗೆ ಕೊನೆಯ ಮುದ್ದೆ ಎಂದು ಎಲೆಯ ಹೊರಗೂ ಪಾಲುಗಳಿದ್ದುವು. ಹೊಸಿಲ ಮುಂದೆ ಅಕ್ಕಿಹಿಟ್ಟಿನಿಂದ ರಂಗೋಲೆಯಿಟ್ಟರೆ ಅದು ಇರುವೆಗಳಿಗೂ ಊಟವಾಗುತ್ತಿತ್ತು. ಈಗ ನಾವು ಅಂಗಡಿಯಿಂದ ತರುವ ಕಲ್ಲಿನ ಪುಡಿಯ ರಂಗೋಲೆ ನೋಡಲು ಹೆಚ್ಚು ಬೆಳ್ಳಗಿರುವುದೇನೋ ನಿಜ. ಇರುವೆ ಅದನ್ನು ಬಳಸಿಕೊಂಡು ಮುಂದೆ ಹೋಗುತ್ತದೆ. ನಮ್ಮ ಮಂಡ್ಯದ ಕಬ್ಬಿನ ವಿಷಯವನ್ನೇ ತೆಗೆದುಕೊಳ್ಳಿರಿ. ಕನ್ನಂಬಾಡಿಯ ನೀರು ಈ ಬಯಲಿಗೆ ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಇಲ್ಲಿ ಸ್ಥಾಪಿತವಾದ ಮೇಲೆ ಕಬ್ಬೇ ಈ ಸೀಮೆಯ ಸಿರಿಯಾಯಿತು. ಆ ಕಬ್ಬಿನ ರಸ ಮನುಷ್ಯನಿಗೆ, ತುದಿಯ ಸೋಗೆ ಎತ್ತಿಗೆ, ಸಿಪ್ಪೆ ಆಲೆಮನೆಯ ಒಲೆಗೆ. ಸಂಕ್ರಾಂತಿಯ ಸಂಜೆ ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸುವ ಮೊದಲು ಅವುಗಳಿಗೆ ಹಬ್ಬದ ಅಡಿಗೆ ತಿನ್ನಿಸುವ ಒಕ್ಕಲಿನ ಮನೆಗಳು ಇಂದಿಗೂ ಇವೆ. ಅಲ್ಲಿ ದಾನದ ಮಾತಿಲ್ಲ. ದುಡಿದವನಿಗೆ ಅವನ ಪಾಲನ್ನು ಕೊಟ್ಟರೆಂದೇ ಲೆಕ್ಕ.

ಈ ಮಾತನ್ನೇ ಒಂದು ದಿನ ನೆರೆಮನೆಯ ಅಕ್ಕನವರೊಡನೆ ಆಡುತ್ತಿದ್ದೆವು. ಅವರ ತವರು ಮಳವಳ್ಳಿಯ ಕಡೆ. ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿಯ ಹೆಸರನ್ನು ಕೇಳದವರಿಲ್ಲ. ಬನ್ನೂರಿನ ಸಂತೆಯ ಮೂಲಕ ಹೆಸರು ಹಬ್ಬಿದುದರಿಂದ ಹಲವರು ಅದನ್ನು ಬನ್ನೂರು ಕುರಿಯೆಂದೂ ಕರೆಯುವರು. ಗಿಡ್ಡ ಕಾಲು, ಪೀಪಾಯಿಯಂತೆ ದುಂಡಗಿನ ಮೈ, ಬಿಳಿಯ ಬಣ್ಣ, ಕೊಂಬಿಲ್ಲದ ತಲೆ. ಅದರ ಮಾಂಸದ ರುಚಿಗೆ ಸಮನಾದುದಿಲ್ಲವೆಂದು ಬಲ್ಲವರ ಮಾತು. “ನೀವು ಕಾಗೆಗಾಗಿ ಇಷ್ಟು ಕೊರಗುತ್ತೀರಿ. ನಮ್ಮ ಅವ್ವನನ್ನು ನೋಡಬೇಕಿತ್ತು” ಎಂದು ಅಕ್ಕನವರು ಹೇಳಿದರು. ಅವರ ತಾಯಿ ವರ್ಷಕ್ಕೊಂದು ಟಗರನ್ನು ಮನೆಯ ಜಗುಲಿಯ ಬಳಿ ಕಟ್ಟಿ ಸಾಕುತ್ತಿದ್ದರಂತೆ. ಹುರುಳಿ ಬೇಯಿಸಿ ಕೈಯಿಂದಲೇ ತಿನ್ನಿಸುವರು. ಮಳೆ ಬಂದರೆ ಒಳಗೆ ಕಟ್ಟುವರು. ಹಬ್ಬ ಹತ್ತಿರವಾದಾಗ ಅದನ್ನು ಸಂತೆಗೆ ಕೊಡಲೇಬೇಕು. ಅದರ ಹಣದಿಂದಲೇ ಮಕ್ಕಳ ಬಟ್ಟೆ, ಶಾಲೆಯ ಪುಸ್ತಕ. ಕೊಟ್ಟ ದಿನ ಆಕೆ ಅಡಿಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲವಂತೆ. ಹಬ್ಬದ ದಿನ ಬೇರೆ ಕಡೆಯಿಂದ ಮಾಂಸ ಬಂದರೂ ಆಕೆಯ ಎಲೆಗೆ ಹುರುಳಿಯ ಸಾರೇ. “ನಾವೆಲ್ಲ ತಿನ್ನುತ್ತಿದ್ದೆವು. ತಿನ್ನಬೇಡಿರೆಂದು ಆಕೆ ಎಂದೂ ಹೇಳಲಿಲ್ಲ. ತಾನು ಮಾತ್ರ ಮುಟ್ಟುತ್ತಿರಲಿಲ್ಲ” ಎಂದರು.

ಮಾಂಸಾಹಾರ ಒಳ್ಳೆಯದೋ ಸಸ್ಯಾಹಾರ ಒಳ್ಳೆಯದೋ ಎಂಬ ಚರ್ಚೆಗೆ ಈ ಕಥೆಯನ್ನು ಹೇಳಲಿಲ್ಲ. ತನ್ನ ಮನೆಗೆ ಬರುವ ಅನ್ನಕ್ಕೆ ಯಾರು ಬೆಲೆ ತೆತ್ತರೆಂಬುದನ್ನು ಆ ತಾಯಿ ಬಲ್ಲವಳಾಗಿದ್ದಳು. ಸಂಡಿಗೆಯ ನಾಲ್ಕು ಡಬ್ಬಿ ತುಂಬಿಸಿಕೊಂಡ ನಮಗೆ ಅದು ತಿಳಿದಿರಲಿಲ್ಲ.

ಅಕ್ಕನವರೇ ಮತ್ತೊಂದು ಮಾತು ಹೇಳಿದರು. ಅವರ ಚಿಕ್ಕಮ್ಮನನ್ನು ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಕೊಟ್ಟಿದೆಯಂತೆ. “ಹಕ್ಕಿಗಾಗಿ ಹುಣಿಸೆಹಣ್ಣನ್ನೇ ಬಿಟ್ಟುಕೊಟ್ಟವರನ್ನು ನೋಡಬೇಕಾದರೆ ಅಲ್ಲಿಗೆ ಬನ್ನಿ” ಎಂದು ಕರೆದರು. ಈ ವರ್ಷದ ಮಾಘಮಾಸದಲ್ಲಿ ಒಂದು ಭಾನುವಾರ ಮಕ್ಕಳನ್ನೂ ಅತ್ತೆಯವರನ್ನೂ ಕರೆದುಕೊಂಡು ಹೊರಟೆವು.

ಮದ್ದೂರಿನಲ್ಲಿ ಇಳಿದ ಮೇಲೆ ವಡೆ ತಿನ್ನದೆ ಮುಂದೆ ಹೋಗುವ ಮಕ್ಕಳನ್ನು ದೇವರು ಇನ್ನೂ ಸೃಷ್ಟಿಸಿಲ್ಲ. 1917ರ ಸುಮಾರಿನಲ್ಲಿ ಮದ್ದೂರು ರೈಲ್ವೆ ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯರೆಂಬವರು, ರೈಲು ಬರುವ ಆತುರದಲ್ಲಿ ಪಕೋಡದ ಹಿಟ್ಟನ್ನೇ ತಟ್ಟಿ ಕರಿದು ಈ ವಡೆಯನ್ನು ಮಾಡಿದರೆಂದು ಹೇಳುವರು. ಅಕ್ಕಿಹಿಟ್ಟು, ರವೆ, ಮೈದಾ, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಬೆರೆತು, ಮುರಿದರೆ ಸದ್ದಾಗುವ ಈ ತಿಂಡಿ ನೂರು ವರ್ಷಗಳಿಂದ ಪ್ರಯಾಣಿಕರನ್ನು ಸಲಹಿದೆ. 2023ರಲ್ಲಿ ತೆರೆದ ಹೊಸ ಹೆದ್ದಾರಿ ಊರನ್ನು ಹೊರಗಿನಿಂದಲೇ ದಾಟಿಸಿಬಿಡುವುದರಿಂದ, ವಡೆಗಾಗಿ ಈಗ ಬೇಕೆಂದೇ ಊರೊಳಗೆ ಬರಬೇಕು. ನಾವು ಕಟ್ಟಿಸಿಕೊಂಡ ಪೊಟ್ಟಣದ ಮುಂದೆ ಒಂದು ಕಂದು ನಾಯಿ ಬಂದು ಕುಳಿತಿತು. ಹೋದ ವರ್ಷ ಕಾಗೆಯಿಂದ ಕುಕ್ಕಿಸಿಕೊಂಡಿದ್ದ ನಮ್ಮ ಕಿರಿಯವನು ಯಾರನ್ನೂ ಕೇಳದೆ ತನ್ನ ವಡೆಯಲ್ಲಿ ಅರ್ಧ ಮುರಿದು ಅದಕ್ಕೆ ಹಾಕಿದನು. ಅತ್ತೆಯವರು ನೋಡಿದರು, ನಾವೂ ನೋಡಿದೆವು.

ಮದ್ದೂರಿನಿಂದ ಬೆಂಗಳೂರಿನ ಕಡೆಗೆ ಸ್ವಲ್ಪ ದೂರ ಸಾಗಿ, ರುದ್ರಾಕ್ಷಿಪುರದ ಬಳಿ ತಿರುಗಿ ಒಳದಾರಿ ಹಿಡಿದರೆ ಕೊಕ್ಕರೆಬೆಳ್ಳೂರು. ಪಕ್ಷಿಧಾಮವೆಂದರೆ ಬೇಲಿ, ಬಾಗಿಲು, ಕೆರೆಯ ನಡುವಿನ ನಡುಗಡ್ಡೆ ಎಂದು ಊಹಿಸಿಕೊಂಡು ಹೋದವರಿಗೆ ಇಲ್ಲಿ ಆಶ್ಚರ್ಯ ಕಾದಿದೆ. ಗೂಡುಗಳಿರುವುದು ಊರ ನಡುವೆ. ಮನೆಯ ಮುಂದಿನ ಹುಣಿಸೆಮರದಲ್ಲಿ, ಬೀದಿಯ ಬದಿಯ ಅರಳಿ ಬಸರಿಗಳಲ್ಲಿ, ಹಂಚಿನ ಸೂರಿನ ಮೇಲೆಯೇ ಚಾಚಿದ ಕೊಂಬೆಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಸಂಸಾರ ಹೂಡಿವೆ. ಕೊಕ್ಕಿನ ಕೆಳಗೆ ಜೋಳಿಗೆಯಂತಹ ಚೀಲವುಳ್ಳ, ಐದು ಕಿಲೋ ತೂಗಬಲ್ಲ ಆ ಭಾರಿ ಹಕ್ಕಿ ಮರದ ತುದಿಗೆ ಇಳಿಯುವಾಗ ಕೊಂಬೆಗಳೆಲ್ಲ ತೂಗಿಹೋಗುತ್ತವೆ. ಕೆಳಗೆ ಹೆಂಗಸರು ರಾಗಿ ಕೇರುತ್ತಿರುತ್ತಾರೆ. ಹಸು ಮೆಲುಕಾಡುತ್ತಿರುತ್ತದೆ. ಯಾರಿಗೂ ಯಾರ ಹೆದರಿಕೆಯೂ ಇಲ್ಲ.

ಈ ನೆಂಟತನ ಹಳೆಯದು. ಊರು ಹಿಂದೆ ಶಿಂಷಾ ನದಿಯ ದಡದಲ್ಲಿತ್ತೆಂದೂ, 1916ರಲ್ಲಿ ಪ್ಲೇಗು ಬಂದು ಜನರು ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದುವೆಂದೂ ಊರಿನವರು ಹೇಳುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿಗಳಾಗಿದ್ದ ಎಸ್. ಜಿ. ನೇಗಿನಹಾಳರು ಈ ಊರಿನ ವಿಚಾರವನ್ನು ಹೊರಗಿನವರ ಗಮನಕ್ಕೆ ತಂದರು. ಮುಂದೆ ಗೂಡುಳ್ಳ ಮರಗಳ ಒಡೆಯರಿಗೆ ಸರಕಾರದಿಂದ ಪರಿಹಾರಧನ ಕೊಡುವ ಏರ್ಪಾಟಾಯಿತು. ಗೂಡಿನಿಂದ ಬಿದ್ದ ಮರಿಗಳನ್ನು ಮೀನು ತಿನ್ನಿಸಿ ಸಾಕಿ ಹಾರಬಿಡಲು ಊರಿನವರೇ ‘ಹೆಜ್ಜಾರ್ಲೆ ಬಳಗ’ವನ್ನು ಕಟ್ಟಿಕೊಂಡರು. 2007ರಲ್ಲಿ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರಲಾಯಿತು.

ಅಕ್ಕನವರ ಚಿಕ್ಕಮ್ಮನ ಮನೆಯ ಮುಂದೆಯೇ ಒಂದು ದೊಡ್ಡ ಹುಣಿಸೆಮರ. ಅದರಲ್ಲಿ ನಾವು ಎಣಿಸಿದಂತೆ ಹದಿನೇಳು ಗೂಡುಗಳು. ಹುಣಿಸೆ ಹಣ್ಣಾಗಿ ಬಡಿದು ಉದುರಿಸುವ ಕಾಲವೂ ಹಕ್ಕಿಮರಿಗಳು ಬೆಳೆಯುವ ಕಾಲವೂ ಒಂದೇ. ಮರವನ್ನು ಹತ್ತಿದರೆ ಮರಿಗಳು ಹೆದರಿ ಉರುಳುವುವು. ಹತ್ತದಿದ್ದರೆ ಹಿಕ್ಕೆ ಬಿದ್ದ ಹಣ್ಣು ಮರದಲ್ಲಿಯೇ ಹಾಳು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಹುಣಿಸೆಹಣ್ಣಿಲ್ಲದೆ ಒಂದು ದಿನವಾದರೂ ನಮ್ಮ ಸೀಮೆಯಲ್ಲಿ ಸಾರು ಕುದಿಯುವುದುಂಟೆ? ಮನೆಯ ಖರ್ಚಿಗಾಗಿ ಉಳಿದುದನ್ನು ಮಾರಿದರೆ ಒಕ್ಕಲಿಗೆ ಅದೊಂದು ಆದಾಯ. ಹಿಕ್ಕೆಯಿಂದ ಗೊಬ್ಬರವಾಗುವುದು ನಿಜ. ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಯ ಗೋಡು ಬೆರೆಸಿ, ಕೊಳೆಸಿ ಹೊಲಕ್ಕೆ ಹಾಕುವರು. ಮೀನು ತಿಂದ ಹಕ್ಕಿಯ ಹಿಕ್ಕೆಯಾದುದರಿಂದ ಅದರಲ್ಲಿ ಪೈರಿಗೆ ಬೇಕಾದ ಸಾರ ಹೆಚ್ಚು. ಆದರೆ ಗೊಬ್ಬರವನ್ನು ಸಾರಿಗೆ ಹಾಕಲು ಬರುವುದಿಲ್ಲವಷ್ಟೆ. ಆರು ತಿಂಗಳ ವಾಸನೆ, ಅಂಗಳದ ಮೇಲೆ ಬೀಳುವ ಮೀನಿನ ಚೂರು, ಒಗೆದ ಬಟ್ಟೆಯ ಮೇಲಿನ ಕಲೆ, ಇವುಗಳ ಲೆಕ್ಕವನ್ನು ಯಾವ ಪರಿಹಾರಪಟ್ಟಿಯಲ್ಲಿಯೂ ಬರೆಯಲಾಗದು.

ಇದನ್ನೆಲ್ಲ ಕಂಡು ನಾವು ಚಿಕ್ಕಮ್ಮನವರನ್ನು, “ಮನೆಯ ಮುಂದೆಯೇ ಮರವಿದ್ದು ಅಂಗಡಿಯಿಂದ ಹುಣಿಸೆಹಣ್ಣು ತರುವಾಗ ಬೇಸರವಾಗುವುದಿಲ್ಲವೆ?” ಎಂದು ಕೇಳಿದೆವು. ಆಕೆ ನಮ್ಮನ್ನು ಮಗುವನ್ನು ನೋಡುವಂತೆ ನೋಡಿದರು.

“ಹುಣಿಸೇಹಣ್ಣು ಅಂಗ್ಡೀಲಿ ಸಿಕ್ತದೆ ಕಣವ್ವ. ಬಾಣಂತನಕ್ಕೆ ಬಂದ ಹೆಣ್ಣುಮಕ್ಳನ್ನ ಮರದಿಂದ ಇಳೀರಿ ಅನ್ನಕ್ಕಾಯ್ತದಾ?”

ಆ ಊರಿನವರು ಈ ಹಕ್ಕಿಗಳನ್ನು ತವರಿಗೆ ಹೆರಿಗೆಗೆ ಬಂದ ಹೆಣ್ಣುಮಕ್ಕಳೆಂದೇ ಭಾವಿಸುವರು. ಬಾಣಂತಿ ಮನೆಯಲ್ಲಿದ್ದರೆ ಹಾಲು ತುಪ್ಪ ಹೆಚ್ಚು ಬೇಕು, ರಾತ್ರಿ ನಿದ್ದೆ ಕೆಡಬೇಕು, ಬಟ್ಟೆ ಹೆಚ್ಚು ಒಗೆಯಬೇಕು. ಅದನ್ನು ಯಾವ ತಾಯಿಯೂ ನಷ್ಟವೆಂದು ಬರೆದಿಡುವುದಿಲ್ಲ. ಅದೇ ಮಾತನ್ನು ಮರದ ಮೇಲಿನವರಿಗೂ ಅನ್ವಯಿಸಿದ್ದಾರೆ, ಅಷ್ಟೆ.

ಆದರೂ ಆ ಊರಿನ ಚಿತ್ರ ಪೂರ್ತಿ ಸುಖದ್ದೆಂದು ಹೇಳಿ ವಾಚಕರನ್ನು ಮೋಸಗೊಳಿಸಲಾರೆವು. 2017ರ ಕೊನೆಯಲ್ಲಿ ಈ ಊರಿನ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಮರದಿಂದ ಬಿದ್ದು ಸತ್ತುವು. ಪರೀಕ್ಷಿಸಿದವರಿಗೆ ಅವುಗಳ ಹೊಟ್ಟೆಯಲ್ಲಿ ಜಂತುಹುಳಗಳು ಕಂಡುವು. ಹಕ್ಕಿಗೆ ಹುಣಿಸೆಮರವನ್ನು ಊರಿನವರು ಕೊಡಬಲ್ಲರು. ಅದು ಮೀನು ಹಿಡಿಯುವ ಕೆರೆ ಹೊಳೆಗಳ ನೀರು ಅವರೊಬ್ಬರ ಕೈಯಲ್ಲಿಲ್ಲ. ಮೇಲಿನ ಊರುಗಳಲ್ಲಿರುವ ನಾವು ನೀರಿಗೆ ಏನನ್ನು ಬಿಡುತ್ತೇವೆಯೋ ಅದು ಆ ಬಾಣಂತಿಯರ ಎಲೆಗೆ ಹೋಗಿ ಬೀಳುತ್ತದೆ. ಹಳೆಯ ಮರಗಳೂ ವರ್ಷ ವರ್ಷ ಮುದಿಯಾಗುತ್ತಿವೆ. ಅವು ಬಿದ್ದರೆ ಹೊಸದನ್ನು ನೆಟ್ಟು ಇಷ್ಟು ಕಾಲ ಕಾಯುವವರಾರು? ಸುಖ ನೋಡಲು ಹೋಗುವ ನಮ್ಮಂತಹವರು ನೂರು ಮಂದಿ. ನಷ್ಟ ಹೊರುವವರು ಆ ಕೆಲವು ಮನೆಗಳವರು. ಈ ಅಸಮತೆಯನ್ನು ನೆನೆದಾಗ, ನಾಲ್ಕು ಡಬ್ಬಿ ಸಂಡಿಗೆಗಾಗಿ ನಾವು ಮಾಡಿದ ಕೆಲಸ ಮತ್ತಷ್ಟು ಚಿಕ್ಕದಾಗಿ ಕಂಡಿತು.

ಹೊರಡುವಾಗ ಚಿಕ್ಕಮ್ಮನವರು ಮುತ್ತುಗದೆಲೆಯಲ್ಲಿ ಒಂದು ಉಂಡೆ ಹುಣಿಸೆಹಣ್ಣನ್ನು ಕಟ್ಟಿ ಅತ್ತೆಯವರ ಮಡಿಲಿಗೆ ಹಾಕಿದರು. “ಇದು ಹಿತ್ಲು ಮರದ್ದು, ಅದ್ರಲ್ಲಿ ಹಕ್ಕಿ ಕೂತಿಲ್ಲ” ಎಂದರು. ಅದನ್ನು ಒಮ್ಮೆಗೇ ಖರ್ಚು ಮಾಡಲು ನಮಗೆ ಮನಸ್ಸಾಗದೆ, ಉಪ್ಪು ಬೆರೆಸಿ ಜಾಡಿಯಲ್ಲಿಟ್ಟು, ಹಬ್ಬದ ದಿನಗಳಿಗೆ ಮಾತ್ರ ತೆಗೆಯುತ್ತಿದ್ದೇವೆ.

ಇನ್ನು ನಾವು ಹೇಳುವೆವೆಂದ ಉಪಾಯಗಳು. ಒಂದು: ಸಂಡಿಗೆಯನ್ನು ಇಡುವ ಮೊದಲು, ಬೆಳಗ್ಗೆಯೇ, ತಾರಸಿಯ ಇನ್ನೊಂದು ಮೂಲೆಯಲ್ಲಿ ಒಂದು ಹಿಡಿ ಅನ್ನವನ್ನು ಹಾಕಿರಿ. ಪಕ್ಕದಲ್ಲಿ ಮಣ್ಣಿನ ಬಟ್ಟಲಿನಲ್ಲಿ ನೀರಿರಲಿ. ಎರಡು: ಹಳೆಯ ಸೊಳ್ಳೆಪರದೆಯನ್ನು ನಾಲ್ಕು ಮೂಲೆಗೆ ಕಲ್ಲಿಟ್ಟು ಸಂಡಿಗೆಯ ಮೇಲೆ ಎತ್ತರಿಸಿ ಕಟ್ಟಿದರೆ ಬಿಸಿಲು ತಡೆಯದು, ಕೊಕ್ಕು ತಾಗದು. ಮೂರು: ಗೂಡಿರುವ ಮರದ ಕೆಳಗೆ ಹೋಗುವಾಗ ಮಕ್ಕಳ ಕೈಗೆ ಕೋಲಿಗೆ ಬದಲಾಗಿ ಕೊಡೆಯನ್ನು ಕೊಡಿರಿ. ಕಾಗೆ ಮೊಟ್ಟೆಯಿಟ್ಟು, ಕಾವು ಕೊಟ್ಟು, ಮರಿ ಹಾರುವವರೆಗೆ ಸುಮಾರು ಆರು ವಾರಗಳ ಮಾತು. ಆರು ವಾರ ಯಾವ ಮನೆಗೂ ದೊಡ್ಡ ಬಾಣಂತನವಲ್ಲ.

ಈ ಏಪ್ರಿಲ್ ತಿಂಗಳಲ್ಲಿ ನಮ್ಮ ಬೇವಿನ ಮರದಲ್ಲಿ ಮತ್ತೆ ಒಂದು ಗೂಡು ಎದ್ದಿದೆ. ಹಳೆಯ ಜೋಡಿಯೋ ಹೊಸದೋ ನಾವರಿಯೆವು. ಬಟ್ಟೆಯ ತಂತಿಯ ತುಂಡೊಂದು ಕಾಣೆಯಾದುದನ್ನು ಅತ್ತೆಯವರೇ ಮೊದಲು ನೋಡಿ ನಮಗೆ ಹೇಳಿದರು. ಗೂಡಿನೊಳಗೆ ಮೊಟ್ಟೆಗಳೆಷ್ಟು, ಅವುಗಳಲ್ಲಿ ಕೋಗಿಲೆಯದು ಇದೆಯೆ ಎಂದು ಯಾರೂ ಹತ್ತಿ ನೋಡಿಲ್ಲ. ಈ ಸಲ ಸಂಡಿಗೆ ಮೂರೇ ಡಬ್ಬಿಯಾಯಿತು. ನಾಲ್ಕನೆಯ ಡಬ್ಬಿಯನ್ನು ತೊಳೆದು ಬೋರಲು ಹಾಕಿದ್ದೇವೆ.

ಹುಣಿಸೆಹಣ್ಣನ್ನು ವರ್ಷವಿಡೀ ಕೆಡದಂತೆ ಇರಿಸುವ ಬಗೆಯನ್ನು ಮುಂದಿನ ತಿಂಗಳು ಬರೆಯುವೆವು.